ಲೋಳಸರದ ಹಳದಿ ನೀರು

ಧಾರವಾಡದ ನಮ್ಮ ಮನೆಯ ಬಾಗಿಲಿಗೆ ದೃಷ್ಟಿ ತಾಗದಿರಲೆಂದು ಅವ್ವ ತಲೆಕೆಳಗಾಗಿ ಕಟ್ಟಿದ ಲೋಳಸರ ಎರಡು ಅಮಾವಾಸ್ಯೆ ಕಳೆದರೂ ಹಸಿರಾಗಿಯೇ ಇದೆ. ಹಗಲು ಪತ್ರರಂಧ್ರ, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆಯುವ ಗಿಡವಿದು. ಹಾಗಾಗಿ ಒಳಗಿನ ನೀರು ಸುಲಭಕ್ಕೆ ಆರುವುದಿಲ್ಲ.

ಅಂಗಳದ ಗಿಡದಿಂದ ಎಲೆ ಕೊಯ್ದರೆ ಅವ್ವ ಕೂಡಲೇ ಸುಲಿಯುವುದಿಲ್ಲ. ಕೊಯ್ದ ತುದಿ ಕೆಳಗೆ ಮಾಡಿ ವಾಟಗದಲ್ಲಿ ನಿಲ್ಲಿಸುತ್ತಾಳೆ. "ಹಳದಿ ನೀರು ಪೂರಾ ಇಳೀಲಿ, ಅಲ್ಲೀತನಕ ಮುಟ್ಟಬ್ಯಾಡ." ಹನಿಹನಿಯಾಗಿ ಇಳಿದ ಆ ರಸ ಗಾಳಿಗೆ ಕಂದಾಗುತ್ತದೆ. ಅಂಗಿಗೆ ತಾಗಿದರೆ ಕಲೆ ಹೋಗುವುದಿಲ್ಲ.

ಎಲೆಯನ್ನು ಅಡ್ಡ ಕೊಯ್ದು ನೋಡಿ. ನಡುವೆ ಪಾರದರ್ಶಕ ಲೋಳೆ; ಸಿಪ್ಪೆಯ ಒಳಮಗ್ಗುಲಲ್ಲಿ ಸಾಲಾಗಿ ಹಳದಿ ಚುಕ್ಕೆ. ಒಂದೊಂದು ಚುಕ್ಕೆಯೂ ನಾಳಗಳ ಒಂದು ಕಂತೆ. ಅದಕ್ಕೆ ಆತುಕೊಂಡಿರುವ ತೆಳುಗೋಡೆಯ ದೊಡ್ಡ ಕೋಶಗಳೇ ಆ ಹಳದಿ ಕಹಿರಸದ ಗಡಿಗೆಗಳು. ಆ ರಸದಲ್ಲಿರುವ ಮುಖ್ಯ ವಸ್ತು ಅಲೋಯಿನ್. ಲೋಳೆಯಲ್ಲಾದರೋ ನೂರಕ್ಕೆ ಸುಮಾರು 99 ಪಾಲು ನೀರೇ. ಉಳಿದದ್ದರಲ್ಲಿ ಅಸೆಮನ್ನಾನ್ ಎಂಬ ಉದ್ದನೆಯ ಸಕ್ಕರೆ ಸರಪಳಿಯದು ದೊಡ್ಡ ಪಾಲು. ಜಾರುವ ಗುಣ ಅದರಿಂದ. ಲೋಳಸರ ತಂಪೋ ಉಷ್ಣವೋ ಎಂದು ವಾದಿಸುವವರು ಯಾವ ಭಾಗದ ಮಾತು ಎಂದು ಮೊದಲು ಹೇಳಬೇಕು.

ಅಲೋಯಿನ್‌ನ ಚಾಲಾಕಿತನ ಅದರ ಕಟ್ಟಿನಲ್ಲಿದೆ. ಅದರಲ್ಲಿ ಗ್ಲೂಕೋಸ್ ನೇರವಾಗಿ ಇಂಗಾಲದಿಂದ ಇಂಗಾಲಕ್ಕೆ ಅಂಟಿಕೊಂಡಿದೆ. ಜಠರದ ಆಮ್ಲಕ್ಕೂ ಆ ಗಂಟು ಬಿಚ್ಚದು. ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಅದನ್ನು ಬಿಚ್ಚಿದಾಗ ಹೊರಬರುವ ಆಂತ್ರೋನ್ ಎಂಬ ವಸ್ತು ಕರುಳನ್ನು ಕೆರಳಿಸುತ್ತದೆ, ನೀರು ಹೀರದಂತೆ ತಡೆಯುತ್ತದೆ. ಪರಿಣಾಮ ಕಾಣಲು ತಾಸುಗಟ್ಟಲೆ ಬೇಕು. ಒಮ್ಮೆ ಸಂಜೆ ಸಿಪ್ಪೆ ಸಮೇತ ಮಿಕ್ಸಿಗೆ ಹಾಕಿ ಕುಡಿದ ನನಗೆ ಅದು ತಿಳಿದದ್ದು ಬೆಳಗಿನ ಜಾವ. ಎಷ್ಟು ಸಲ ಎದ್ದೆ ಎಂದು ಬರೆಯುವುದು ಬೇಡ.

ನಾಟಿ ಔಷಧಿ ಸಾಮಾನಿನ ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಕರಿಬೋಳ ಇದೇ ಕಹಿರಸ ಒಣಗಿಸಿದ್ದು. ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳ ಪಟ್ಟಿಯಿಂದ ಇದನ್ನು ಅಮೆರಿಕ 2002ರಲ್ಲಿ ತೆಗೆದುಹಾಕಿತು. ಬಸುರಿಯರಂತೂ ಇದರ ತಂಟೆಗೇ ಹೋಗಬಾರದು.

ಎಳೆ ಎಲೆಯಲ್ಲಿ ಅಲೋಯಿನ್ ಹೆಚ್ಚು, ಬಲಿತದ್ದರಲ್ಲಿ ಕಡಿಮೆ. ಅವ್ವ ಕೊಯ್ಯುವುದು ಯಾವಾಗಲೂ ಬುಡದ ದಪ್ಪ ಎಲೆಯನ್ನೇ. ಅಲೋಯಿನ್ ಕಾರಣಕ್ಕೇನು ಎಂದು ಕೇಳಿದೆ.

"ಅದ್ಯಾವುದೋ ನನಗ ಗೊತ್ತಿಲ್ಲಪಾ. ಬುಡದಾಗಿಂದು ತಗದ್ರ ಗಿಡಾ ಮ್ಯಾಲ ಚಿಗೀತದ, ಅಷ್ಟ."