ಒಂದೇ ಸರ್ವಿಸ್ ನೂರು ಸಲ ಹೊಡೆಸಿದರೆ ಕಲಿತರು ಅಂತಲ್ಲ

ಬಾಗಿಲ ಮೇಲೆ 'ದೈಹಿಕ ಶಿಕ್ಷಣ ನಿರ್ದೇಶಕರು' ಅಂತ ಬೋರ್ಡ್ ಇದೆ. ಕರೆಯುವುದು ಮಾತ್ರ ಪಿ.ಟಿ. ಮೇಷ್ಟ್ರು ಅಂತಲೇ. ಆಟ ಬರುವ ಹುಡುಗರನ್ನು ಹುಡುಕಿ ತಂಡ ಕಟ್ಟುವುದು, ಅಂತರ ಕಾಲೇಜು ಪಂದ್ಯಕ್ಕೆ ಕರೆದೊಯ್ಯುವುದು, ಬಂದ ಮೇಲೆ ಬಿಲ್ ಬರೆಯುವುದು, ಇಷ್ಟರಲ್ಲೇ ನಮ್ಮ ವರ್ಷ ಮುಗಿಯುತ್ತಿತ್ತು. 2021-22ರಲ್ಲಿ ಹೊಸ ಶಿಕ್ಷಣ ನೀತಿಯ ಜೊತೆ ನಮ್ಮ ಪದವಿ ತರಗತಿಗಳಲ್ಲಿ ಆಟಕ್ಕೂ ಕ್ರೆಡಿಟ್ ಬಂತು. ಮೈದಾನದ ಕಡೆ ತಲೆ ಹಾಕದವರೂ ಬಂದು ಸಾಲಾಗಿ ನಿಂತರು. ಆ ನೀತಿ ಆಮೇಲೆ ಬದಲಾಯಿತು, ಬಿಡಿ. ಆದರೆ ಆಟ ಬಾರದವರಿಗೆ ಆಟ ಕಲಿಸುವುದು ನನಗೇ ಗೊತ್ತಿಲ್ಲ ಅನ್ನೋದು ಆಗ ಗೊತ್ತಾಯಿತು.

ಬ್ಯಾಡ್ಮಿಂಟನ್ನಿನಲ್ಲಿ ಆಟ ಶುರು ಮಾಡುವ ಏಟು, ಅಂದರೆ ಸರ್ವಿಸನ್ನೇ ನೋಡಿ. ಹೊಸಬರು ರಾಕೆಟ್ ಹಿಡಿಯುವುದು ದೋಸೆ ಮಗುಚುವ ಹಾಗೆ, ಮುಖ ಆಕಾಶಕ್ಕೆ. ಕಾಕನ್ನು (ಶಟಲ್ ಕಾಕ್) ಮೇಲಕ್ಕೆ ಎಸೆದು, ಅದು ಇಳಿಯುವಾಗ ಬೀಸುತ್ತಾರೆ. ಹತ್ತರಲ್ಲಿ ಆರು ಸಲ ಗಾಳಿಗೆ ಏಟು. ನಾನು ಮೊದಲು ಹೇಳುವುದು ಇಷ್ಟೇ: ಯಾರಿಗೋ ಕೈಕುಲುಕುವ ಹಾಗೆ ಹಿಡಿಯಿರಿ, ಕಾಕನ್ನು ಎಸೆಯಬೇಡಿ, ಸುಮ್ನೆ ಕೈಬಿಡಿ. ಬ್ಯಾಕ್‌ಹ್ಯಾಂಡ್ (ಕೈಯ ಹಿಂಬದಿ ಮುಂದೆ ಮಾಡಿ ಹೊಡೆಯುವುದು) ಆದರೆ ಇನ್ನೂ ಸುಲಭ. ಗರಿಯ ತುದಿ ಹಿಡಿದು ಕಾಕನ್ನು ಸೊಂಟದ ಮುಂದೆ ಇಟ್ಟುಕೊಳ್ಳಿ, ಹೆಬ್ಬೆರಳಿನಿಂದ ರಾಕೆಟ್ ತಳ್ಳಿ, ಸಾಕು. ಹೊಡೆಯುವಾಗ ಇಡೀ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು ಅನ್ನೋದು ಈಗಿನ ನಿಯಮ. ಎರಡು ಕೋಲಿಗೆ ಆ ಎತ್ತರದಲ್ಲಿ ದಾರ ಕಟ್ಟಿಬಿಟ್ಟರೆ ಯಾರಿಗೂ ಬಾಯಲ್ಲಿ ಹೇಳಬೇಕಾಗಿಲ್ಲ.

ನಾನು ಎಡವಿದ್ದು ಮುಂದಿನ ಹೆಜ್ಜೆಯಲ್ಲಿ. ಸೋಮವಾರ ಪೂರ್ತಿ ಶಾರ್ಟ್ ಸರ್ವಿಸ್ (ನೆಟ್ ದಾಟಿ ಹತ್ತಿರವೇ ಬೀಳುವುದು), ಬುಧವಾರ ಪೂರ್ತಿ ಲಾಂಗ್ (ಎತ್ತರಕ್ಕೆ ಹಾರಿ ಹಿಂದೆ ಬೀಳುವುದು), ಶುಕ್ರವಾರ ಡ್ರೈವ್ (ನೇರವಾಗಿ, ವೇಗವಾಗಿ ಹೋಗುವುದು). ಪ್ರತಿ ದಿನ ಪೀರಿಯಡ್ ಮುಗಿಯುವ ಹೊತ್ತಿಗೆ ಎಲ್ಲರದ್ದೂ ಚೆನ್ನಾಗಿಯೇ ಬೀಳುತ್ತಿತ್ತು. ದಸರಾ ರಜೆ ಮುಗಿಸಿ ಬಂದರೆ ಮತ್ತೆ ಮೊದಲಿನ ಕಥೆ. ರಜೆಯಲ್ಲಿ ಮರೆತರು ಅಂದುಕೊಂಡೆ. ಅವರು ಕಲಿತೇ ಇರಲಿಲ್ಲ.

1986ರಲ್ಲಿ ಅಮೆರಿಕದ ಸಂಶೋಧಕರಾದ ಗೂಡ್ ಮತ್ತು ಮ್ಯಾಗಿಲ್ ಇದೇ ಮೂರು ಸರ್ವಿಸ್ ಇಟ್ಟುಕೊಂಡು ಕಾಲೇಜು ಹುಡುಗಿಯರ ಮೇಲೆ ಪ್ರಯೋಗ ಮಾಡಿದ್ದರು. ಒಂದು ಗುಂಪಿಗೆ ದಿನಕ್ಕೊಂದೇ ಸರ್ವಿಸ್, ಇನ್ನೊಂದಕ್ಕೆ ಮೂರೂ ಕಲಸಿ. ಅಭ್ಯಾಸ ನಿಲ್ಲಿಸಿದ ಮೇಲೆ ಪರೀಕ್ಷಿಸಿದಾಗ ಕಲಸಿ ಆಡಿದವರ ಕೈಯೇ ಮೇಲಾಯಿತು. ಯೋಚಿಸಿದರೆ ಸರಿ ಅನಿಸುತ್ತೆ ಅಲ್ವಾ? ಒಂದನ್ನೇ ಹೊಡೆಯುವಾಗ ಹಿಂದಿನ ಏಟನ್ನೇ ಕೈ ನಕಲು ಮಾಡುತ್ತದೆ. ಬದಲಾಯಿಸಿದಾಗ ತಲೆ ಪ್ರತಿ ಸಲವೂ ಹೊಸದಾಗಿ ನೆನಪಿಸಿಕೊಳ್ಳಬೇಕು.

ಈಗ ನಾನು ಮೊದಲ ಎರಡು ದಿನ ಮಾತ್ರ ಒಂದೇ ಸರ್ವಿಸ್ ಕೊಡುತ್ತೇನೆ. ರಾಕೆಟ್ಟಿಗೆ ಕಾಕ್ ತಾಗದವರಿಗೆ ಮೂರು ಬಗೆ ತೋರಿಸಿದರೆ ಗಾಬರಿ ಬೀಳುತ್ತಾರೆ. ಆಮೇಲೆ ಎದುರಿಗೆ ನಿಂತವರೇ ಕೂಗಬೇಕು: "ಶಾರ್ಟ್!" "ಲಾಂಗ್!" ನೋಡಲು ಅವಾಂತರ. "ಸರ್, ಮೊನ್ನೆ ಬರ್ತಿತ್ತು, ಇವತ್ತು ಹಾಳಾಗೋಯ್ತು" ಅಂತ ಗೊಣಗುತ್ತಾರೆ. ಪ್ರಿನ್ಸಿಪಾಲರು ಕಿಟಕಿಯಿಂದ ನೋಡಿ ಶಿಸ್ತಿಲ್ಲ ಅಂದುಕೊಂಡಿರಲೂಬಹುದು. ಪರೀಕ್ಷೆಯನ್ನು ಮಾತ್ರ ಒಂದು ವಾರ ಬಿಟ್ಟೇ ಇಡುತ್ತೇನೆ.

ಅಂಕದ ವಿಷಯಕ್ಕೆ ಬಂದರೆ, ಸ್ಮ್ಯಾಶ್ (ಮೇಲಿಂದ ಜೋರಾಗಿ ಬಡಿಯುವ ಏಟು) ನೋಡಿ ಅಂಕ ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅದನ್ನು ಶಾಲೆಯಿಂದಲೇ ಕಲಿತು ಬಂದವನಿಗೆ ನಾನೇನು ಕಲಿಸಿದ ಹಾಗಾಯಿತು? ಜೊತೆಗಾರ ಎಷ್ಟೇ ಕಚ್ಚಾ ಇದ್ದರೂ ಹತ್ತು ಏಟಿನ ರ‍್ಯಾಲಿ ಉಳಿಸಿಕೊಳ್ಳಬೇಕು, ಒಂದು ಗೇಮ್‌ಗೆ ಅಂಪೈರ್ ಆಗಿ ಅಂಕ ಕೂಗಬೇಕು. ಇವಕ್ಕೇ ನನ್ನಲ್ಲಿ ಜಾಸ್ತಿ ಅಂಕ.

ಒಳಾಂಗಣ ಕೋರ್ಟ್ ಇಲ್ಲ ಅಂತ ಕೈಕಟ್ಟಿ ಕೂರುವವರೂ ಇದ್ದಾರೆ. 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪಂದ್ಯಾವಳಿ ಗೆದ್ದ ಪ್ರಕಾಶ್ ಪಡುಕೋಣೆ ಆಟ ಶುರು ಮಾಡಿದ್ದು ಮಲ್ಲೇಶ್ವರದ ಕೆನರಾ ಯೂನಿಯನ್ನಿನ ಮದುವೆ ಹಾಲ್‌ನಲ್ಲಿ. ನಮಗೆ ಅದೂ ಇಲ್ಲ, ನಿಜ. ಆದರೆ ಸರ್ವಿಸ್ ಕಲಿಸಲು ಕೋರ್ಟೇ ಬೇಕಿಲ್ಲ. ಬೆಳಿಗ್ಗೆ ಗಾಳಿ ಏಳುವ ಮುಂಚೆ ಮೈದಾನಕ್ಕೆ ಅಡ್ಡಲಾಗಿ ನೆಟ್ಟಿನ ಬದಲು 1.55 ಮೀಟರ್ ಎತ್ತರಕ್ಕೆ ಉದ್ದನೆಯ ಹಗ್ಗ ಕಟ್ಟಿ. ಎರಡೂ ಕಡೆ ಹದಿನೈದು ಹದಿನೈದು ಜನ ನಿಲ್ಲಲಿ. ಗರಿಯ ಕಾಕ್ ಒಂದೇ ಬೆಳಿಗ್ಗೆಗೆ ಕಿತ್ತುಹೋಗುತ್ತದೆ, ನೈಲಾನ್ ತರಿಸಿ. ಹಗ್ಗಕ್ಕೆ ಇಂಡೆಂಟ್ (ಖರೀದಿ ಬೇಡಿಕೆ ಪತ್ರ) ಹಾಕಿ ಕಾಯಬೇಡಿ, ಎನ್.ಎಸ್.ಎಸ್. ರೂಮಿನಲ್ಲಿ ಸಿಗುತ್ತದೆ.