ಬೀಬಾಪ್: ಕೇಳುಗನಿಗಾಗಿ ನಿಲ್ಲದ ಸಂಗೀತ

ಬೀಬಾಪ್ ಎಂದರೆ 1940ರ ದಶಕದ ಮೊದಲ ಅರ್ಧದಲ್ಲಿ ನ್ಯೂಯಾರ್ಕಿನ ಕಪ್ಪು ಸಂಗೀತಗಾರರು ಕಟ್ಟಿದ ಜಾಝ್ ಶೈಲಿ. ಚಿಕ್ಕ ತಂಡ, ಬಿರುಸಾದ ನಡೆ, ಧಾರಾಳವಾದ ಮನೋಧರ್ಮ, ಅಂದರೆ ಆ ಕ್ಷಣಕ್ಕೆ ಹೊಳೆದಂತೆ ನುಡಿಸುವುದು. ನಿಘಂಟಿಗೆ ಇಷ್ಟು ಸಾಕು. ಆದರೆ ಮೂರು ನಿಮಿಷದ, ಚರಚರ ಸದ್ದಿನ ಹಳೆಯ ಧ್ವನಿಮುದ್ರಿಕೆಯೊಂದನ್ನು ಹದಿಹರೆಯದಲ್ಲಿ ಕೇಳಿದವರು ತಲೆ ನರೆತ ಮೇಲೂ ಅದನ್ನೇ ಹುಡುಕಿಕೊಂಡು ಹೋಗುತ್ತಾರಲ್ಲ, ಅದೇಕೆ ಎಂದು ಹೇಳದೆ ಈ ಪದದ ಪರಿಚಯ ಮುಗಿಯುವುದಿಲ್ಲ.

ಹೆಸರಿನ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವಾದ್ಯದ ನುಡಿಯನ್ನು ಬಾಯಲ್ಲಿ ಹಾಡಿ ತೋರಿಸುವಾಗ ಬರುವ ಅರ್ಥವಿಲ್ಲದ ಅಕ್ಷರಗಳಿಂದ ಹುಟ್ಟಿತೆಂಬುದು ರೂಢಿಯ ವಿವರಣೆ. ಕೆಲಕಾಲ ‘ರೀಬಾಪ್’ ಎಂದೂ ಕರೆದರು. ಬಲ್ಲವರು ಚುಟುಕಾಗಿ ‘ಬಾಪ್’ ಎನ್ನುತ್ತಾರೆ.

ಅದಕ್ಕೂ ಮೊದಲು ಅಮೆರಿಕವನ್ನು ಕುಣಿಸುತ್ತಿದ್ದುದು ಸ್ವಿಂಗ್: ಹದಿನೈದು ಇಪ್ಪತ್ತು ಜನರ ದೊಡ್ಡ ತಂಡಗಳು, ಬರೆದಿಟ್ಟ ಸಂಗೀತ, ಎದುರಿಗೆ ನರ್ತಿಸುವ ಜೋಡಿಗಳು. ಅಲ್ಲಿ ಒಬ್ಬ ವಾದಕನಿಗೆ ತನ್ನದೆಂದು ನುಡಿಸಲು ಸಿಗುತ್ತಿದ್ದುದು ತುಸುವೇ ಹೊತ್ತು. ಆ ಕೆಲಸ ಮುಗಿಸಿದವರು ರಾತ್ರಿ ನ್ಯೂಯಾರ್ಕಿನ ಹಾರ್ಲೆಮ್‌ನ 118ನೆಯ ಬೀದಿಯಲ್ಲಿದ್ದ ಮಿಂಟನ್ಸ್ ಪ್ಲೇಹೌಸ್ ಎಂಬ ಕ್ಲಬ್ಬಿಗೆ ಬಂದು ಸೇರುತ್ತಿದ್ದರು. ಅಲ್ಲಿ ಡ್ರಮ್ಸ್‌ಗೆ ಕೆನಿ ಕ್ಲಾರ್ಕ್, ಪಿಯಾನೊಗೆ ಥೆಲೋನಿಯಸ್ ಮಾಂಕ್ ಖಾಯಂ. ಟ್ರಂಪೆಟ್‌ನ ಡಿಝಿ ಗಿಲೆಸ್ಪಿ, ಆಲ್ಟೊ ಸ್ಯಾಕ್ಸೊಫೋನ್‌ನ ಚಾರ್ಲಿ ಪಾರ್ಕರ್, 1942ರಲ್ಲಿ ಇಪ್ಪತ್ತೈದಕ್ಕೇ ತೀರಿಹೋದ ಗಿಟಾರ್ ವಾದಕ ಚಾರ್ಲಿ ಕ್ರಿಶ್ಚಿಯನ್, ಎಲ್ಲರೂ ಆ ವೇದಿಕೆ ಏರಿದವರೇ. 1942ರ ಆಗಸ್ಟ್‌ನಲ್ಲಿ ಸಂಗೀತಗಾರರ ಒಕ್ಕೂಟ ಧ್ವನಿಮುದ್ರಣಕ್ಕೆ ಬಹಿಷ್ಕಾರ ಹಾಕಿತು. ಅದು ಪೂರ್ತಿ ತೆರವಾದದ್ದು 1944ರ ನವೆಂಬರ್‌ನಲ್ಲಿ. ಹೀಗಾಗಿ ಈ ಶೈಲಿ ಬಲಿತ ವರ್ಷಗಳದ್ದು ಬಹುಪಾಲು ಗಾಳಿಯಲ್ಲೇ ಹೋಯಿತು. ಹೊರಗಿನವರ ಕಿವಿಗೆ ಬೀಬಾಪ್ ಬಿದ್ದಾಗ ಅದು ಆಗಲೇ ಪ್ರಾಯಕ್ಕೆ ಬಂದಿತ್ತು. ಅನೇಕರು ಬೆಚ್ಚಿಬಿದ್ದದ್ದು ಸಹಜ.

ನರ್ತನವಿರುವ ಕ್ಲಬ್ಬುಗಳ ಮೇಲೆ 1944ರಲ್ಲಿ ಶೇ. 30ರಷ್ಟು ತೆರಿಗೆ ಬಿದ್ದದ್ದೂ ಜನರು ಕುಳಿತು ಕೇಳುವ ಸಂಗೀತಕ್ಕೆ ದಾರಿ ಮಾಡಿತು. ಕಲೆಯ ಚರಿತ್ರೆಯಲ್ಲಿ ತೆರಿಗೆ ಇಲಾಖೆಗೂ ಒಂದು ಅಡಿಟಿಪ್ಪಣಿ ಸಲ್ಲಬೇಕು.

ಇದರ ಒಳಗಿನ ಉಪಾಯವನ್ನು ನಮ್ಮ ನೆರವಲ್‌ನ ಎದುರಿಗಿಟ್ಟು ನೋಡಿದರೆ ಬೇಗ ತಿಳಿಯುತ್ತದೆ. ನೆರವಲ್‌ನಲ್ಲಿ ಸಾಹಿತ್ಯದ ಸಾಲು ಕೈಯಲ್ಲಿರುತ್ತದೆ, ಸಂಚಾರ ಬದಲಾಗುತ್ತಾ ಹೋಗುತ್ತದೆ; ಹಾಡು ಯಾವುದೆಂಬ ಅನುಮಾನ ಕೇಳುಗನಿಗೆ ಬರುವುದೇ ಇಲ್ಲ. ಬೀಬಾಪ್‌ನವರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ತೆಗೆದುಕೊಂಡು ಅದರ ಮಟ್ಟನ್ನೇ ಕಳಚಿ ಎಸೆಯುತ್ತಾರೆ. ಉಳಿಯುವುದು ಕಾರ್ಡ್‌ಗಳ ಸಾಲು ಮಾತ್ರ, ಅಂದರೆ ಮಟ್ಟಿನ ಅಡಿಯಲ್ಲಿ ಒಟ್ಟೊಟ್ಟಿಗೆ ನುಡಿಯುವ ಸ್ವರಗುಚ್ಛಗಳ ಕ್ರಮ. ಅದರ ಮೇಲೆ ಹೊಸ, ಅಂಕುಡೊಂಕಿನ ಮಟ್ಟು ಕೂರಿಸಿ, ಹೊಸ ಹೆಸರಿಟ್ಟು, ಆಮೇಲೆ ಮನೋಧರ್ಮಕ್ಕೆ ಇಳಿಯುತ್ತಾರೆ. ಡ್ರಮ್ಸ್ ವಾದಕ ಕಾಲ ಹಿಡಿಯುವ ಕೆಲಸವನ್ನು ಕಾಲಡಿಯ ದೊಡ್ಡ ಡ್ರಮ್‌ನಿಂದ ಸಿಂಬಲ್ ಎಂಬ ಲೋಹದ ತಟ್ಟೆಗೆ ವರ್ಗಾಯಿಸಿ, ಬಿಡುವಾದ ಡ್ರಮ್‌ನಲ್ಲಿ ನಿರೀಕ್ಷೆಯಿಲ್ಲದ ಜಾಗದಲ್ಲಿ ಗುದ್ದು ಕೊಡುತ್ತಾನೆ. ಅದಕ್ಕೆ ಅವರ ಆಡುಮಾತಿನಲ್ಲಿ ‘ಬಾಂಬ್’ ಎಂದೇ ಹೆಸರು.

ಹೀಗೆ ಮಟ್ಟನ್ನು ಬದಲಿಸುವುದರ ಹಿಂದೆ ಹಣದ ಲೆಕ್ಕವೂ ಇತ್ತು. ಕೃತಿಸ್ವಾಮ್ಯ ಇರುವುದು ಮಟ್ಟಿನ ಮೇಲೆ, ಕಾರ್ಡ್‌ಗಳ ಕ್ರಮದ ಮೇಲಲ್ಲ; ಮಟ್ಟು ಹೊಸದಾದರೆ ಮೂಲ ಹಾಡಿನವರಿಗೆ ಹಣ ಕೊಡಬೇಕಾಗಿಲ್ಲ. 1945ರ ನವೆಂಬರ್ 26ರಂದು ಪಾರ್ಕರ್ ತಂಡ ಸವಾಯ್ ಕಂಪನಿಗಾಗಿ ‘ಕೊ-ಕೊ’ ಮುದ್ರಿಸಿತು. ಅದು ‘ಚೆರೊಕೀ’ ಎಂಬ ಜನಪ್ರಿಯ ಹಾಡಿನ ಕಾರ್ಡ್‌ಗಳ ಮೇಲೆ ನಿಂತದ್ದು. ಮೊದಲ ಯತ್ನದಲ್ಲಿ ಅವರು ಅಭ್ಯಾಸಬಲದಿಂದ ‘ಚೆರೊಕೀ’ಯ ಮಟ್ಟನ್ನೇ ಹಿಡಿದುಬಿಡುತ್ತಾರೆ; ಯಾರೋ ಸಿಳ್ಳೆ ಹಾಕಿ ನಿಲ್ಲಿಸುವುದು ಮುದ್ರಿಕೆಯಲ್ಲೇ ಕೇಳಿಸುತ್ತದೆ. ಎರಡನೆಯ ಯತ್ನದಲ್ಲಿ ಮೂಲ ಹಾಡಿನ ಸುಳಿವೂ ಇಲ್ಲ. ನಿಮಿಷಕ್ಕೆ ಸುಮಾರು 300 ಎಣಿಕೆಯ ವೇಗದಲ್ಲಿ ಪಾರ್ಕರ್ ಇಡೀ ಹಾಡಿನ ಉದ್ದದ ಎರಡು ಪೂರ್ಣ ಆವರ್ತ ನುಡಿಸುತ್ತಾರೆ. ಮೂರು ನಿಮಿಷದೊಳಗೆ ಎಲ್ಲವೂ ಮುಗಿದಿರುತ್ತದೆ.

ಮೊದಲ ಸಲ ಕೇಳಿದಾಗ ಸಿಗುವುದು ಗೊಂದಲ, ಕೆಲವರಿಗೆ ಸಿಟ್ಟು. ಸಂಗೀತ ಕೇಳುಗನ ಕೈ ಹಿಡಿದು ನಡೆಸುತ್ತದೆಂದು ನಂಬಿದವರಿಗೆ ಇಲ್ಲಿ ಯಾರೂ ಕಾಯುವುದಿಲ್ಲ. ಭಾವ ಎಂದರೆ ವಿಳಂಬ, ಕರುಣೆ, ಕಣ್ಣೀರು ಎಂದುಕೊಂಡವರಂತೂ ಇದನ್ನು ಬರಿಯ ಕಸರತ್ತು ಎಂದು ತಳ್ಳಿಹಾಕುತ್ತಾರೆ. ನನಗೆ ತೋರುವಂತೆ ಬೀಬಾಪ್‌ನ ಭಾವವಿರುವುದು ಆ ಧಾವಂತದ ನಡುವೆ ಒಬ್ಬ ಮನುಷ್ಯ ಕ್ಷಣಕ್ಷಣವೂ ತೆಗೆದುಕೊಳ್ಳುವ ನಿರ್ಧಾರಗಳಲ್ಲಿ. ಇಲ್ಲಿ ತಿರುಗಲೇ, ಈ ಸ್ವರವನ್ನು ಬಿಡಲೇ, ಸುಮ್ಮನಿರಲೇ? ಕಿವಿ ಪಳಗಿದಂತೆ ಆ ನಿರ್ಧಾರಗಳು ಒಂದೊಂದಾಗಿ ಕೇಳಿಸತೊಡಗುತ್ತವೆ. ಜೊತೆಗೆ, ಅಡಿಯಲ್ಲಿ ಹುದುಗಿರುವ ಹಳೆಯ ಹಾಡು ಗೊತ್ತಿದ್ದರೆ, ಕಾಣದ ಮಟ್ಟೊಂದು ಮನಸ್ಸಿನಲ್ಲೂ ಕೇಳುವ ಮಟ್ಟೊಂದು ಕಿವಿಯಲ್ಲೂ ಏಕಕಾಲಕ್ಕೆ ಓಡುತ್ತವೆ. ಇಂಥದ್ದು ಒಮ್ಮೆಗೆ ಮುಗಿಯುವ ಅನುಭವವಲ್ಲ. ಅದಕ್ಕೇ ಜನ ಮರಳಿ ಬರುತ್ತಾರೆ.

ಇದಕ್ಕೆ ಒಳ್ಳೆಯ ಪುರಾವೆ 1947ರ ಅಕ್ಟೋಬರ್‌ನಲ್ಲಿ ಡಯಲ್ ಕಂಪನಿಗಾಗಿ ಪಾರ್ಕರ್ ನುಡಿಸಿದ ‘ಎಂಬ್ರೇಸಬಲ್ ಯೂ’. ವೇಗವಿಲ್ಲದ ಪ್ರೇಮಗೀತೆ. ಒಂದೇ ದಿನ ಎರಡು ಸಲ ಮುದ್ರಿಸಿದ್ದು, ಎರಡೂ ಉಳಿದಿವೆ. ಮೊದಲನೆಯದರಲ್ಲಿ ಆರು ಸ್ವರಗಳ ಪುಟ್ಟ ನುಡಿಯೊಂದನ್ನು ಹಿಡಿದು, ಅದನ್ನೇ ಇಳಿಸಿ, ಹಿಗ್ಗಿಸಿ, ತಿರುವಿ ಇಡೀ ಕಟ್ಟಡ ಏಳುತ್ತದೆ. ಹಾಡು ರಚಿಸಿದ ಗರ್ಶ್‌ವಿನ್‌ರ ಮೂಲ ಮಟ್ಟು ಹತ್ತಿರವೂ ಸುಳಿಯುವುದಿಲ್ಲ. ಎರಡನೆಯದು ಬೇರೆಯದೇ ಲೋಕ. ಎರಡನ್ನೂ ಒಂದರ ಹಿಂದೆ ಒಂದು ಕೇಳಿದವರಿಗೆ ಮನೋಧರ್ಮ ಎಂದರೇನೆಂದು ಯಾರೂ ಭಾಷಣ ಬಿಗಿಯಬೇಕಾಗಿಲ್ಲ.

ಈ ಸೆಳೆತ ಅತಿರೇಕಕ್ಕೆ ಹೋದದ್ದೂ ಇದೆ. ಡೀನ್ ಬೆನೆಡೆಟ್ಟಿ ಎಂಬಾತ ತಾನೂ ಸ್ಯಾಕ್ಸೊಫೋನ್ ವಾದಕ. 1947ರಲ್ಲಿ ಲಾಸ್ ಏಂಜಲೀಸ್‌ನಲ್ಲಿ, ಮರುವರ್ಷ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣ ಯಂತ್ರ ಹೊತ್ತುಕೊಂಡು ಪಾರ್ಕರ್ ನುಡಿಸುವ ಕ್ಲಬ್ಬುಗಳಿಗೆ ಹೋಗುತ್ತಿದ್ದ. ಪಾರ್ಕರ್ ಸರದಿ ಬಂದಾಗ ಯಂತ್ರ ಚಾಲೂ, ಬೇರೆಯವರು ಶುರು ಮಾಡಿದರೆ ಬಂದ್. ದಶಕಗಳ ಕಾಲ ಕಳೆದೇಹೋಗಿವೆ ಎಂದುಕೊಂಡಿದ್ದ ಆ ತುಣುಕುಗಳು 1990ರಲ್ಲಿ ಮೊಸಾಯಿಕ್ ಕಂಪನಿಯಿಂದ ಏಳು ಸಿಡಿಗಳಾಗಿ ಹೊರಬಂದವು. ಇಂಥ ಭಕ್ತಿಗೆ ಕೈಮುಗಿಯಬೇಕು, ಆದರೆ ಆತ ಅರ್ಧ ಸಂಗೀತವನ್ನು ಕತ್ತರಿಸಿ ಹಾಕಿದನೆಂದೂ ಹೇಳಬೇಕು. ಪಾರ್ಕರ್ ಯಾವುದಕ್ಕೆ ಉತ್ತರವಾಗಿ ನುಡಿಸಿದರೋ ಆ ಟ್ರಂಪೆಟ್, ಆ ಪಿಯಾನೊ ಅಲ್ಲಿ ಇಲ್ಲ.

ಇನ್ನೊಂದು ಮುದ್ರಿಕೆಯ ಕಥೆ ಹೆಚ್ಚು ಇರುಸುಮುರುಸಿನದು. 1946ರ ಜುಲೈ 29ರಂದು ಪಾರ್ಕರ್ ದೇಹ, ಮನಸ್ಸು ಎರಡೂ ಕುಸಿದ ಸ್ಥಿತಿಯಲ್ಲಿ ‘ಲವರ್ ಮ್ಯಾನ್’ ನುಡಿಸಿದರು. ಪ್ರವೇಶವೇ ತಡ, ನುಡಿಗಳು ಅಲ್ಲಲ್ಲಿ ತುಂಡಾಗುತ್ತವೆ. ಆ ರಾತ್ರಿಯೇ ಹೋಟೆಲಿನಲ್ಲಿ ರಾದ್ಧಾಂತವಾಗಿ, ಪೊಲೀಸರ ಪಾಲಾಗಿ, ಕೊನೆಗೆ ಕ್ಯಾಮರಿಲೊ ಮಾನಸಿಕ ಆಸ್ಪತ್ರೆಯಲ್ಲಿ ಸುಮಾರು ಆರು ತಿಂಗಳು ಕಳೆದರು. ಕಂಪನಿ ಆ ಮುದ್ರಿಕೆಯನ್ನು ಬಿಡುಗಡೆ ಮಾಡಿತು, ಪಾರ್ಕರ್ ಕೆರಳಿದರು. ಕೇಳುಗರಲ್ಲಿ ಅನೇಕರಿಗೆ ಮಾತ್ರ ಅದೇ ಅಚ್ಚುಮೆಚ್ಚು. ಒಬ್ಬನ ಕುಸಿತವನ್ನು ಭಾವದ ಆಳ ಎಂದು ಸವಿಯುವುದು ನನಗೆ ಒಗ್ಗುವುದಿಲ್ಲ. ನೋವು ಕೇಳಬೇಕೆಂದಿದ್ದರೆ 1948ರ ‘ಪಾರ್ಕರ್ಸ್ ಮೂಡ್’ ಇದೆ: ಅವರು ಬೆಳೆದ ಕ್ಯಾನ್ಸಸ್ ಸಿಟಿಯ ನಿಧಾನಗತಿಯ ಬ್ಲೂಸ್ (ಕಪ್ಪು ಅಮೆರಿಕನ್ನರ ಹಳೆಯ ಅಳಲಿನ ಹಾಡಿನ ಬಗೆ), ಪ್ರತಿ ಸ್ವರವೂ ಅವರ ಹಿಡಿತದಲ್ಲಿ. ಎಂಥ ಓಟದ ಅಡಿಯಲ್ಲೂ ಬೀಬಾಪ್‌ಗೆ ಈ ಬ್ಲೂಸ್‌ನ ನೆಲವಿದೆ. ಅದು ತಪ್ಪಿದ ಅನುಕರಣೆಗಳು ಇವತ್ತಿಗೂ ಒಣಗಿದಂತೆ ಕೇಳುತ್ತವೆ.

ಪಾರ್ಕರ್ 1955ರ ಮಾರ್ಚ್ 12ರಂದು ತೀರಿಕೊಂಡಾಗ 34 ವರ್ಷ. ‘ಬರ್ಡ್’ ಎಂಬುದು ಅವರ ಅಡ್ಡಹೆಸರು. ಸಾವಿನ ಬೆನ್ನಲ್ಲೇ ನ್ಯೂಯಾರ್ಕಿನ ಗೋಡೆಗಳ ಮೇಲೆ ‘ಬರ್ಡ್ ಲಿವ್ಸ್’, ಅಂದರೆ ಬರ್ಡ್ ಬದುಕಿದ್ದಾನೆ ಎಂಬ ಬರಹ ಕಾಣಿಸಿಕೊಂಡಿತು.

ಆ ಮಾತಿಗೆ ಕರ್ನಾಟಕದ ನಂಟೂ ಉಂಟು. ಪಾರ್ಕರ್ ಪ್ರಭಾವದಲ್ಲಿ ಬೆಳೆದ ಬಾಸ್ಟನ್ನಿನ ಚಾರ್ಲಿ ಮರಿಯಾನೊ ಮುಂದೆ ನಾಗಸ್ವರ ಕಲಿತು, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡದ ಆರ್. ಎ. ರಮಾಮಣಿ, ಟಿ. ಎ. ಎಸ್. ಮಣಿ ಅವರ ಜೊತೆ ‘ಜ್ಯೋತಿ’ ಎಂಬ ಆಲ್ಬಮ್ ಮಾಡಿದರು. ಕರ್ನಾಟಕ ಮೂಲದ ಕುಟುಂಬದ ಅಮೆರಿಕನ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಾಂತಪ್ಪ 2008ರಲ್ಲಿ ಕದ್ರಿ ಗೋಪಾಲನಾಥರೊಂದಿಗೆ ‘ಕಿನ್ಸ್‌ಮೆನ್’ ಹೊರತಂದರು. 2015ರಲ್ಲಿ ‘ಬರ್ಡ್ ಕಾಲ್ಸ್’. ಈ ಎರಡನೆಯದು ಪೂರ್ತಿ ಪಾರ್ಕರ್‌ಗೆ ಸಲ್ಲಿಸಿದ್ದು, ಆದರೆ ಪಾರ್ಕರ್ ಅವರ ಒಂದು ಕೃತಿಯನ್ನೂ ಇದ್ದಂತೆ ನುಡಿಸಿಲ್ಲ. ಅವರ ಮಟ್ಟುಗಳನ್ನೂ ಮನೋಧರ್ಮದ ತುಣುಕುಗಳನ್ನೂ ಬಿಚ್ಚಿ, ಅವುಗಳಿಂದ ಹೊಸ ಕೃತಿಗಳನ್ನು ಕಟ್ಟಿ, ಹೊಸ ಹೆಸರಿಟ್ಟಿದ್ದಾರೆ.