ಕೆಟಿಪಿಪಿ ತಿದ್ದುಪಡಿ: 2 ಕೋಟಿಯ ಗೆರೆಯನ್ನು ಓದುವ ಬಗೆ

ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999 ಎಂಬ ಉದ್ದದ ಹೆಸರು ವಿಧಾನಸೌಧದಲ್ಲಿಯೂ ಗುತ್ತಿಗೆದಾರರ ನಡುವೆಯೂ ‘ಕೆಟಿಪಿಪಿ’ ಎಂದೇ ಬಳಕೆಯಲ್ಲಿದೆ. ಸರ್ಕಾರ ಏನನ್ನೇ ಕೊಳ್ಳಲಿ, ಕಟ್ಟಿಸಲಿ, ಟೆಂಡರ್ ಕರೆದೇ ಮಾಡಬೇಕೆಂಬುದು ಅದರ ತಿರುಳು. ಅಧಿನಿಯಮದ 4(ಜಿ) ಪ್ರಕರಣದ ಅಡಿಯಲ್ಲಿ ಅಧಿಸೂಚನೆ ಹೊರಡಿಸಿ ವಿನಾಯಿತಿ ಕೊಡುವ ಅಧಿಕಾರವನ್ನು ಸರ್ಕಾರ ತನ್ನಲ್ಲೇ ಉಳಿಸಿಕೊಂಡಿರುವುದರಿಂದ ತಕರಾರುಗಳೂ ಅಲ್ಲಿಂದಲೇ ಹುಟ್ಟುತ್ತವೆ.

ಈಗಿನ ಚರ್ಚೆ ಗುತ್ತಿಗೆಯಲ್ಲಿ ಮೀಸಲಾತಿ ಕೊಡುವ 6ನೆಯ ಪ್ರಕರಣದ್ದು. ಕಾಮಗಾರಿಗಳ ಸಂಖ್ಯೆಯಲ್ಲಿ ಶೇ 17.15ರವರೆಗೆ ಪರಿಶಿಷ್ಟ ಜಾತಿಯ, ಶೇ 6.95ರವರೆಗೆ ಪರಿಶಿಷ್ಟ ಪಂಗಡದ ಗುತ್ತಿಗೆದಾರರಿಗೆ ಮೀಸಲಿಡಲು ಅವಕಾಶ ಕಲ್ಪಿಸಿದಾಗ ಒಂದು ಕಾಮಗಾರಿಯ ಮೊತ್ತದ ಮಿತಿ 50 ಲಕ್ಷ ರೂಪಾಯಿ ಇತ್ತು. ಅನಂತರ ಅದು 1 ಕೋಟಿಗೆ ಏರಿತು. ಹಿಂದುಳಿದ ವರ್ಗಗಳ ಪ್ರವರ್ಗ 1ಕ್ಕೆ ಶೇ 4, 2ಎಗೆ ಶೇ 15 ಸೇರಿದವು. 2025ರ ಮಾರ್ಚ್‌ನಲ್ಲಿ ವಿಧಾನಮಂಡಲ ಒಪ್ಪಿದ ಮಸೂದೆಯು ಕಾಮಗಾರಿಗಳ ಮಿತಿಯನ್ನು 2 ಕೋಟಿಗೆ ಏರಿಸಿ, ಮುಸ್ಲಿಮರಿರುವ ಪ್ರವರ್ಗ 2ಬಿಗೆ ಶೇ 4 ನೀಡಲು ಹೊರಟಿತು. ಪತ್ರಿಕೆಗಳ ತಲೆಬರಹವೆಲ್ಲ ಈ ಕೊನೆಯ ಅಂಶಕ್ಕೇ ಮೀಸಲಾಯಿತು. ನನಗೆ ಮುಖ್ಯವಾಗಿ ಕಾಣುವುದು ಮೊತ್ತದ ಮಿತಿ.

ಒಂದು ಕಾಲ್ಪನಿಕ ಉದಾಹರಣೆ ನೋಡಿ. ಬೆಂಗಳೂರಿನ ಒಂದು ವಾರ್ಡಿನಲ್ಲಿ ಆರು ಅಡ್ಡರಸ್ತೆಗಳಿಗೆ ಡಾಂಬರು ಹಾಕಬೇಕಿದ್ದು, ಒಂದೊಂದರ ಅಂದಾಜು 80 ಲಕ್ಷ ಎಂದಿಟ್ಟುಕೊಳ್ಳೋಣ. ಬಿಡಿಬಿಡಿಯಾಗಿ ಟೆಂಡರ್ ಕರೆದರೆ ಆರೂ ಮೀಸಲಾತಿಯ ಲೆಕ್ಕಕ್ಕೆ ಬರುತ್ತವೆ. ಅವುಗಳನ್ನೇ ಕಟ್ಟಿ ಒಂದು ಪ್ಯಾಕೇಜ್ ಮಾಡಿದರೆ ಮೊತ್ತ 4.8 ಕೋಟಿಯಾಗಿ, ಹೊಸ ಮಿತಿಯನ್ನೂ ದಾಟಿ, ಒಂದೂ ಲೆಕ್ಕಕ್ಕೆ ಸಿಗುವುದಿಲ್ಲ. ಜೊತೆಗೆ ಅಷ್ಟು ದೊಡ್ಡ ಕೆಲಸಕ್ಕೆ ಕೇಳುವ ವಹಿವಾಟು, ಅನುಭವದ ಷರತ್ತಿನಲ್ಲೇ ಸಣ್ಣ ಗುತ್ತಿಗೆದಾರ ಹೊರಗುಳಿಯುತ್ತಾನೆ. ಪ್ಯಾಕೇಜ್ ಮಾಡುವುದಕ್ಕೆ ಗುಣಮಟ್ಟ, ಮೇಲ್ವಿಚಾರಣೆಯಂಥ ನ್ಯಾಯವಾದ ಕಾರಣಗಳೂ ಇರಬಹುದು. ಆದರೆ ಮಿತಿ ಎಷ್ಟು ಎಂಬುದನ್ನು ಸದನ ತೀರ್ಮಾನಿಸಿದರೂ, ಯಾವ ಕೆಲಸ ಅದರೊಳಗೆ ಬೀಳಬೇಕೆಂಬುದು ಬಹುಮಟ್ಟಿಗೆ ಅಂದಾಜುಪಟ್ಟಿ ಸಿದ್ಧವಾಗುವ ಮೇಜಿನ ಮೇಲೆಯೇ ತೀರ್ಮಾನವಾಗುತ್ತದೆ. ಇದಕ್ಕೆ ತದ್ವಿರುದ್ಧವಾದ, ಟೆಂಡರನ್ನೇ ತಪ್ಪಿಸಲು ಕೆಲಸವನ್ನು ಚೂರು ಮಾಡುವ ‘ತುಂಡು ಗುತ್ತಿಗೆ’ಯ ಚಾಳಿಯನ್ನು ನಾವೆಲ್ಲ ಬಲ್ಲೆವು.

ಇದನ್ನೆಲ್ಲ ಓದುವಾಗ ಅಧಿನಿಯಮವನ್ನೂ ಮಸೂದೆಯನ್ನೂ ಬೆರೆಸಬೇಡಿ: ಸದನ ಒಪ್ಪಿದ ಕೂಡಲೇ ಇದು ಕಾನೂನಾಗಲಿಲ್ಲ, 2025ರ ಏಪ್ರಿಲ್‌ನಲ್ಲಿ ರಾಜ್ಯಪಾಲರು ಇದನ್ನು ರಾಷ್ಟ್ರಪತಿಗಳ ಪರಿಶೀಲನೆಗೆ ಕಾಯ್ದಿರಿಸಿದರು.